ಮಲಗಿದ ಯಂತ್ರವನ್ನು ಎಬ್ಬಿಸುವ ಕ್ರಮ

ನಗರದ ಮನೆಗೆ ಹೊಸ ಗಣಕಯಂತ್ರ ಬಂದೊಡನೆ ಹಳೆಯದು ಊರಿಗೆ ಹೋಗುತ್ತದೆ. ಕಾಲು ಸಡಿಲವಾದ ಕುರ್ಚಿ, ಬೀಗ ಕೆಟ್ಟ ಟ್ರಂಕು, ಕಿವುಡಾದ ರೇಡಿಯೋ, ಇವೆಲ್ಲ ಹಿಂದೆ ಹಿಡಿದ ದಾರಿಯನ್ನೇ ಈಗ ಇದೂ ಹಿಡಿದಿದೆ. ಬಿಸಾಡಲು ಮನಸ್ಸು ಬಾರದು, ಇಟ್ಟುಕೊಳ್ಳಲು ಜಾಗವಿಲ್ಲ. ಹಬ್ಬಕ್ಕೆ ಹೋಗುವಾಗ ಕಾರಿನ ಹಿಂಬದಿಯಲ್ಲಿ ಹೇರಿಕೊಂಡು ಹೋಗಿ, “ಅಪ್ಪನಿಗೆ ಹೊತ್ತು ಹೋಗಲು ಆಗುತ್ತದೆ” ಎಂದು ಇಳಿಸಿ ಬಂದರೆ ಮಗನ ಕರ್ತವ್ಯ ಮುಗಿಯಿತು.

ಇಂಥ ಒಂದು ಮನೆಯನ್ನು ವಾಚಕರು ಹನೂರು ತಾಲ್ಲೂಕಿನ ಹೂಗ್ಯಂನಲ್ಲಿ ಕಲ್ಪಿಸಿಕೊಳ್ಳಲಿ. ಮಲೆಮಹದೇಶ್ವರ ವನ್ಯಧಾಮದ ಒಂದು ವಲಯಕ್ಕೆ ತನ್ನ ಹೆಸರನ್ನೇ ಕೊಟ್ಟಿರುವ ಕಾಡಂಚಿನ ಊರು ಅದು. ಅಲ್ಲೊಬ್ಬ ನಿವೃತ್ತ ಮೇಷ್ಟರು. 2002ರ ಸುಮಾರಿನಲ್ಲಿ ಮಗ ಕೊಂಡಿದ್ದ ಗಣಕಯಂತ್ರ ಆಮೇಲೆ ಅವರ ಪಾಲಿಗೆ ಬಂತು. ಮೇಷ್ಟರು ಅದನ್ನು ವ್ಯರ್ಥವಾಗಿ ಇಟ್ಟುಕೊಳ್ಳಲಿಲ್ಲ. ಕಂಸಾಳೆ ಹಿಡಿದು ಮಾದಪ್ಪನ ಕಥೆ ಹಾಡುತ್ತಿದ್ದ ಹಿರಿಯ ದೇವರಗುಡ್ಡರೊಬ್ಬರನ್ನು ಜಗಲಿಯ ಮೇಲೆ ಕೂರಿಸಿಕೊಂಡು, ಕೇಳಿದ್ದನ್ನು ಒಂದೊಂದೇ ಸಾಲಾಗಿ ‘ಬರಹ’ ತಂತ್ರಾಂಶದಲ್ಲಿ ಟೈಪು ಮಾಡಿಟ್ಟರು. ಹಾಡಿದವರು ತೀರಿಕೊಂಡರು. ಕೈಬರಹದ ಪುಸ್ತಕಕ್ಕೆ ಗೆದ್ದಲು ಹತ್ತಿತು. ಉಳಿದಿರುವುದು ಯಂತ್ರದೊಳಗಿನ ಪ್ರತಿ ಒಂದೇ. ಆ ಯಂತ್ರವೂ ಮೂರು ವರ್ಷದಿಂದ ಹಾಸುಬಟ್ಟೆಯ ಕೆಳಗೆ ಮಲಗಿದೆ.

ದೀಪಾವಳಿಗೆಂದು ಮೊಮ್ಮಗಳು ಬಂದಿದ್ದಾಳೆ. ಬಟ್ಟೆ ಸರಿಸಿ, ಪ್ಲಗ್ಗನ್ನು ಕೈಗೆತ್ತಿಕೊಂಡಿದ್ದಾಳೆ.

“ತಾತ, ಒಂದ್ಸಲ ಹಾಕಿ ನೋಡೋಣವೇ?”

“ಬೇಡ ಕೂಸೆ. ಮೂರು ವರ್ಷದಿಂದ ಮಲಗಿರೋದು ಅದು. ಎಬ್ಬಿಸೋಕೂ ಒಂದು ಕ್ರಮ ಇದೆ.”

ಮೇಷ್ಟರ ಮಾತು ಅತಿಯಾದ ಎಚ್ಚರಿಕೆಯೆಂದು ತೋರಬಹುದು. ಆದರೆ ಹಳೆಯ ಗಣಕಯಂತ್ರಗಳ ವಿಷಯದಲ್ಲಿ ಅವರ ಮಾತೇ ಸರಿ. ಇಂಥ ಯಂತ್ರಗಳು ಬಳಕೆಯಿಂದ ಸವೆಯುವುದಕ್ಕಿಂತ ಹೆಚ್ಚಾಗಿ ಕೆಟ್ಟ ವಿದ್ಯುತ್ತಿನಿಂದಲೂ, ಬಹುಕಾಲದ ಮೇಲೆ ಥಟ್ಟನೆ ಒತ್ತಿದ ಸ್ವಿಚ್ಚಿನಿಂದಲೂ ಹಾಳಾಗುತ್ತವೆ.

ಕೊಳ್ಳೇಗಾಲದ ಸೀಮೆಗೆ ವಿದ್ಯುಚ್ಛಕ್ತಿ ಹೊಸ ಪರಿಚಯವಲ್ಲ. 1902ರ ಜೂನ್ 30ರಂದು ಶಿವನಸಮುದ್ರದ ಕಾವೇರಿಯಿಂದ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ ತಂತಿಯ ಮೇಲೆ ಹರಿದು ಹೋಯಿತು. ಆಗ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ ತಾಲ್ಲೂಕು ತನ್ನ ಮಗ್ಗುಲಲ್ಲೇ ಹುಟ್ಟಿದ ಬೆಳಕು ದೂರ ಹೋಗುವುದನ್ನು ನೋಡುತ್ತ ಇತ್ತು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಗೆ ಬೇರೆ ಉದಾಹರಣೆ ಬೇಕಿಲ್ಲ. ಈಗ ಹಳ್ಳಿಗಳಲ್ಲಿ ದೀಪವಿದೆ. ಆದರೆ ಬೆಟ್ಟಗುಡ್ಡಗಳ ನಡುವೆ ಉದ್ದಕ್ಕೆ ಎಳೆದ ತಂತಿ, ಗಾಳಿಗೆ ಮುರಿದು ಬೀಳುವ ಕೊಂಬೆ, ಒಂದೇ ಹೊತ್ತಿಗೆ ಚಾಲೂ ಆಗುವ ಪಂಪುಸೆಟ್ಟುಗಳು, ಏಪ್ರಿಲ್–ಮೇ ತಿಂಗಳ ಮತ್ತು ಹಿಂಗಾರಿನ ಗುಡುಗು ಸಿಡಿಲುಗಳು, ಇವೆಲ್ಲ ಆ ವಿದ್ಯುತ್ತಿನ ನಡತೆಯನ್ನು ಚಂಚಲಗೊಳಿಸುತ್ತವೆ.

ಮನೆಗೆ ಬರತಕ್ಕ ವಿದ್ಯುತ್ತಿನ ಒತ್ತಡ 230 ವೋಲ್ಟು. 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳು ಇದರಲ್ಲಿ ಶೇಕಡ 6ರಷ್ಟು ಏರಿಳಿತವನ್ನು ಮಾತ್ರ ಒಪ್ಪಿದ್ದವು. ಎಂದರೆ ಸುಮಾರು 216ರಿಂದ 244ರವರೆಗೆ. ಈ ಮಿತಿಯನ್ನು ಮೀರಿದಾಗ ಏನಾಗುತ್ತದೆಂಬುದನ್ನು ತಿಳಿಯಬೇಕು.

ಒತ್ತಡ ಇಳಿದರೆ ದೀಪ ಮಂಕಾಗುತ್ತದೆ. ಅದರಿಂದ ದೀಪಕ್ಕೆ ಕೇಡಿಲ್ಲ. ಗಣಕಯಂತ್ರದ ಎಸ್.ಎಂ.ಪಿ.ಎಸ್. ಪೆಟ್ಟಿಗೆಯ ಸ್ವಭಾವ ಬೇರೆ. ಅದಕ್ಕೆ ಬೇಕಾದ ಶಕ್ತಿ ಬೇಕೇ ಬೇಕು. ಒತ್ತಡ 230ರಿಂದ 170ಕ್ಕೆ ಇಳಿದರೆ, ಅದೇ ಶಕ್ತಿಯನ್ನು ಪಡೆಯಲು ಅದು ಮೂರರಲ್ಲೊಂದು ಪಾಲಿಗಿಂತಲೂ ಹೆಚ್ಚು ಪ್ರವಾಹವನ್ನು ಎಳೆದುಕೊಳ್ಳುತ್ತದೆ. ಪ್ರವಾಹ ಹೆಚ್ಚಿದರೆ ಒಳಗಿನ ಭಾಗಗಳು ಕಾಯುತ್ತವೆ. ಕೆಪಾಸಿಟರುಗಳ ವಿಷಯದಲ್ಲಿ ಒಂದು ಸ್ಥೂಲ ಲೆಕ್ಕವುಂಟು: ಶಾಖ 10 ಡಿಗ್ರಿ ಏರಿದರೆ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ. ಹೀಗೆ ಮಂಕು ದೀಪದ ಸಂಜೆಗಳು ಯಂತ್ರವನ್ನು ಸದ್ದಿಲ್ಲದೆ ಮುದಿಯಾಗಿಸುತ್ತವೆ.

ಒತ್ತಡ ಏರುವುದು ಇನ್ನೂ ಭಯಂಕರ. ಗಾಳಿಮಳೆಯಲ್ಲಿ ಟ್ರಾನ್ಸ್‌ಫಾರ್ಮರಿನಿಂದ ಬರುವ ನ್ಯೂಟ್ರಲ್ ತಂತಿ ತುಂಡಾದರೆ, ಬೇರೆ ಬೇರೆ ಫೇಸುಗಳ ಮನೆಗಳು ಒಂದಕ್ಕೊಂದು ಸರಪಳಿಯಾಗಿ 400 ವೋಲ್ಟಿನ ನಡುವೆ ಸಿಕ್ಕಿಕೊಳ್ಳುತ್ತವೆ. ಹೆಚ್ಚು ಉಪಕರಣ ನಡೆಯುತ್ತಿರುವ ಮನೆಯಲ್ಲಿ ದೀಪ ಮಿಣುಕುತ್ತದೆ. ಒಂದೆರಡು ದೀಪ ಮಾತ್ರ ಉರಿಯುತ್ತಿರುವ ಮನೆಗೆ 300ನ್ನೂ ಮೀರಿದ ಒತ್ತಡ ನುಗ್ಗುತ್ತದೆ. ದೀಪ ಇದ್ದಕ್ಕಿದ್ದಂತೆ ಕಣ್ಣು ಕೋರೈಸುವಂತೆ ಬೆಳಗಿದರೆ, ಏನಾಯಿತೆಂದು ನೋಡುತ್ತ ನಿಲ್ಲದೆ ಮೇನ್ ಸ್ವಿಚ್ಚನ್ನು ಇಳಿಸತಕ್ಕದ್ದು. ಆ ಒಂದು ನಿಮಿಷದಲ್ಲಿ ಫ್ರಿಜ್ಜು, ಟೆಲಿವಿಷನ್ನು, ಗಣಕಯಂತ್ರ ಮೂರೂ ಹೋಗಬಹುದು.

ಮೂರನೆಯದು ಕರೆಂಟು ಹೋಗಿ ಬರುವ ಕ್ಷಣ. ಎಸ್.ಎಂ.ಪಿ.ಎಸ್. ಒಳಗಿನ ದೊಡ್ಡ ಕೆಪಾಸಿಟರುಗಳು ಬರಿದಾಗಿರುವಾಗ ಸ್ವಿಚ್ಚು ಹಾಕಿದರೆ, ಬತ್ತಿದ ಹೊಂಡಕ್ಕೆ ತೂಬು ತೆರೆದಂತೆ, ಪ್ರವಾಹ ಎಂದಿಗಿಂತ ಅನೇಕ ಪಟ್ಟು ಹೆಚ್ಚಾಗಿ ನುಗ್ಗುತ್ತದೆ. ಇದನ್ನು ತಡೆಯಲು ಥರ್ಮಿಸ್ಟರ್ ಎಂಬ ಪುಟ್ಟ ಬಿಲ್ಲೆಯುಂಟು. ತಣ್ಣಗಿರುವಾಗ ಅದು ಪ್ರವಾಹಕ್ಕೆ ಅಡ್ಡ ನಿಲ್ಲುತ್ತದೆ. ಬಿಸಿಯಾದ ಮೇಲೆ ದಾರಿ ಬಿಡುತ್ತದೆ. ಕರೆಂಟು ಹೋಗಿ ಎರಡು ಕ್ಷಣದಲ್ಲೇ ಬಂದರೆ ಅದು ಇನ್ನೂ ಬಿಸಿಯಾಗಿಯೇ ಇರುತ್ತದೆ. ಬಾಗಿಲು ಕಾಯುವವನೇ ಬಾಗಿಲು ತೆರೆದಿಟ್ಟಂತಾಗುತ್ತದೆ. ಆದುದರಿಂದ ಕರೆಂಟು ಹೋದೊಡನೆ ಗೋಡೆಯ ಸ್ವಿಚ್ಚನ್ನು ಆರಿಸಿ, ಬಂದ ಮೇಲೂ ನಾಲ್ಕಾರು ನಿಮಿಷ ಕಾದು ಹಾಕುವುದು ಹಳೆಯ ಯಂತ್ರಕ್ಕೆ ಮಾಡಬಹುದಾದ ಖರ್ಚಿಲ್ಲದ ಉಪಕಾರ.

ಇನ್ನು ಮಲಗಿದ ಯಂತ್ರದ ವಿಷಯ. ಕೆಪಾಸಿಟರಿನೊಳಗೆ ಅಲ್ಯೂಮಿನಿಯಮ್ಮಿನ ಹಾಳೆಯ ಮೇಲೆ ಬಹು ತೆಳುವಾದ ಒಂದು ಪೊರೆಯಿರುತ್ತದೆ. ಅದೇ ಅದರ ಪ್ರಾಣ. ವರ್ಷಗಟ್ಟಲೆ ವಿದ್ಯುತ್ತು ತಾಗದಿದ್ದರೆ ಆ ಪೊರೆ ಕ್ಷೀಣಿಸುತ್ತದೆ. ಒಳಗಿನ ದ್ರವವೂ ಒಣಗುತ್ತ ಬರುತ್ತದೆ. ಅಂಥದಕ್ಕೆ ಒಮ್ಮೆಲೇ ಪೂರ್ತಿ ಒತ್ತಡ ಕೊಟ್ಟರೆ ಕೆಲವು ತಡೆದುಕೊಳ್ಳುತ್ತವೆ, ಕೆಲವು ಸಿಡಿಯುತ್ತವೆ. ಇದರ ಮೇಲೆ ಮೇಷ್ಟರ ಯಂತ್ರಕ್ಕೆ ಹುಟ್ಟಿನ ದೋಷವೊಂದು ಇರುವ ಸಂಭವವೂ ಉಂಟು. ಸುಮಾರು 1999ರಿಂದ 2007ರವರೆಗೆ ತಯಾರಾದ ಅನೇಕ ಮದರ್‌ಬೋರ್ಡುಗಳಲ್ಲಿ ದ್ರವದ ಪಾಕವೇ ಸರಿಯಿಲ್ಲದ ಕೆಪಾಸಿಟರುಗಳು ಸೇರಿಕೊಂಡು, ತಲೆ ಉಬ್ಬಿ, ಕಂದು ರಸ ಸೋರಿ, ಲೋಕದಾದ್ಯಂತ ಯಂತ್ರಗಳನ್ನು ಕೆಡಿಸಿದವು.

ಅದಕ್ಕೂ ಹಿಂದಿನ ಯಂತ್ರಗಳ ಕಾಯಿಲೆ ಇನ್ನೊಂದು ಬಗೆ. 1984ರಲ್ಲಿ ಭಾರತ ಸರ್ಕಾರ ಶಾಲೆಗಳಲ್ಲಿ ಗಣಕಶಿಕ್ಷಣ ಕೊಡುವ ‘ಕ್ಲಾಸ್’ ಯೋಜನೆಯನ್ನು ಆರಂಭಿಸಿ, ಬಿಬಿಸಿ ಮೈಕ್ರೋ ಎಂಬ ಇಂಗ್ಲೆಂಡಿನ ಯಂತ್ರವನ್ನು ಮೊದಲಿಗೆ ಸುಮಾರು 250 ಶಾಲೆಗಳಿಗೆ ಹಂಚಿತು. ಅದರ ವಿದ್ಯುತ್ ಪೆಟ್ಟಿಗೆಯಲ್ಲಿ ಕಾಗದದ ಪದರದ ಕೆಪಾಸಿಟರುಗಳಿವೆ. ವಯಸ್ಸಾದಂತೆ ಅವುಗಳ ಮೇಲ್ಕವಚ ಬಿರಿದು ತೇವ ಒಳಸೇರುತ್ತದೆ. ಅನೇಕ ವರ್ಷಗಳ ಮೇಲೆ ಸ್ವಿಚ್ಚು ಹಾಕಿದವರಿಗೆ ಪರದೆಯ ಮೇಲಿನ ಅಕ್ಷರಕ್ಕಿಂತ ಮುಂಚೆ ಕಾಣಿಸುವುದು ನಾರುವ ಹೊಗೆ! 1990ರ ಆಸುಪಾಸಿನ ಬೋರ್ಡುಗಳಲ್ಲಿ ಪೀಪಾಯಿಯಾಕಾರದ ನಿಕಲ್–ಕ್ಯಾಡ್ಮಿಯಂ ಬ್ಯಾಟರಿಯಿರುತ್ತದೆ. ಅದು ಸೋರಿ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ಯಂತ್ರವನ್ನು ಬಳಸಲಿ ಬಿಡಲಿ, ಆ ಬ್ಯಾಟರಿಯನ್ನು ತೆಗೆಸುವುದೇ ಕ್ಷೇಮ.

ಹಾಗಾದರೆ ಎಬ್ಬಿಸುವ ಕ್ರಮವೇನು? ಮೇಷ್ಟರ ಮನೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, “ಯಂತ್ರ ಬೇಕೋ, ಹಾಡು ಬೇಕೋ?” ಎಂಬುದು. ಎರಡೂ ಬೇಕು, ಆದರೆ ಹಾಡು ಮೊದಲು. ಹಾಡನ್ನು ತೆಗೆಯಲು ಯಂತ್ರವನ್ನು ಎಬ್ಬಿಸಬೇಕಾದುದೇ ಇಲ್ಲ. ಪೆಟ್ಟಿಗೆ ಬಿಚ್ಚಿ ಹಾರ್ಡ್ ಡಿಸ್ಕನ್ನು ಹೊರತೆಗೆದು, ಅಂಗಡಿಯಲ್ಲಿ ದೊರೆಯುವ ಯು.ಎಸ್.ಬಿ. ಅಡಾಪ್ಟರಿನ ಮೂಲಕ ಹೊಸ ಲ್ಯಾಪ್‌ಟಾಪಿಗೆ ಜೋಡಿಸಿದರೆ ಸಾಕು. ಡಿಸ್ಕು ತಿರುಗಿದ ಒಡನೆಯೇ ಬರಹವನ್ನು ಎರಡು ಬೇರೆ ಕಡೆ ನಕಲು ಮಾಡಿಕೊಳ್ಳಬೇಕು. ಮುದಿ ಡಿಸ್ಕು ಇಂದು ತಿರುಗಿತೆಂದ ಮಾತ್ರಕ್ಕೆ ನಾಳೆಯೂ ತಿರುಗೀತೆಂಬ ಭರವಸೆಯಿಲ್ಲ. ಹಳೆಯ ಅಕ್ಷರಶೈಲಿಯ ಬರಹವನ್ನು ಯೂನಿಕೋಡಿಗೆ ತಿರುಗಿಸುವ ಕೆಲಸವನ್ನು ಆಮೇಲೆ ನಿಧಾನವಾಗಿ ಮಾಡಬಹುದು.

ಅನಂತರ ಯಂತ್ರದ ಸರದಿ. ಪ್ಲಗ್ಗು ಹಾಕುವ ಮುಂಚೆ ಕಣ್ಣಿನ ಪರೀಕ್ಷೆ ನಡೆಯಬೇಕು: ಧೂಳು, ಜೇಡರ ಬಲೆ, ಇಲಿ ಕಡಿದ ತಂತಿ, ತಲೆ ಉಬ್ಬಿದ ಕೆಪಾಸಿಟರು. ಹಿಂಬದಿಯಲ್ಲಿ 115–230 ಎಂಬ ಕೆಂಪು ಸ್ವಿಚ್ಚಿದ್ದರೆ ಅದು 230ರಲ್ಲೇ ಇದೆಯೆಂದು ನೋಡಿಕೊಳ್ಳಬೇಕು. ಮಕ್ಕಳ ಬೆರಳು ತಗಲಿ ಅದು 115ಕ್ಕೆ ಸರಿದಿದ್ದರೆ ಮುಂದಿನ ಕ್ಷಣವೇ ಢಂ ಎಂಬ ಸದ್ದು! ಬಳಿಕ ಎಸ್.ಎಂ.ಪಿ.ಎಸ್. ಒಂದನ್ನೇ ಬೋರ್ಡಿನಿಂದ ಬಿಡಿಸಿ, ಬೇಡವಾದ ಹಳೆಯ ಡ್ರೈವೊಂದನ್ನು ಹೊರೆಯಾಗಿ ಕೊಟ್ಟು, ಮಲ್ಟಿಮೀಟರಿನಿಂದ ಅಳೆಯಬೇಕು. 5 ವೋಲ್ಟಿನ ತಂತಿ 4.75ರಿಂದ 5.25ರೊಳಗೂ, 12ರದು 11.4ರಿಂದ 12.6ರೊಳಗೂ ಇದ್ದರೆ ಮಾತ್ರ ಮುಂದಿನ ಹೆಜ್ಜೆ. ರಿಪೇರಿಯವರು ಮೊದಲ ಸಲಕ್ಕೆ 100 ವ್ಯಾಟಿನ ಹಳೆಯ ಬುರುಡೆ ಬಲ್ಬೊಂದನ್ನು ಸೀರೀಸಿನಲ್ಲಿ ಸೇರಿಸುವುದುಂಟು. ಒಳಗೆ ಷಾರ್ಟ್ ಇದ್ದರೆ ಬಲ್ಬು ಪೂರ್ಣ ಬೆಳಗಿ ಸುದ್ದಿ ಹೇಳುತ್ತದೆ, ಯಂತ್ರ ಸುಡುವುದಿಲ್ಲ. ಡಿಮ್ಮರ್‌ಸ್ಟಾಟಿನಿಂದ ಒತ್ತಡವನ್ನು ಮೆಲ್ಲಗೆ ಏರಿಸುವ ಪದ್ಧತಿ ಹಳೆಯ ವಾಲ್ವ್ ರೇಡಿಯೋಗಳಿಗೆ ಹಿತ. ಕಡಮೆ ಒತ್ತಡದಲ್ಲಿ ಹೆಚ್ಚು ಪ್ರವಾಹ ಎಳೆಯುವ ಎಸ್.ಎಂ.ಪಿ.ಎಸ್.ಗೆ ಅದು ಸಲ್ಲದು.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಎಸ್.ಎಂ.ಪಿ.ಎಸ್.ನ ಒಳಗಿನ ಕೆಪಾಸಿಟರಿನಲ್ಲಿ ಪ್ಲಗ್ಗು ಕಿತ್ತ ಮೇಲೂ ಸುಮಾರು 320 ವೋಲ್ಟು ಉಳಿದಿರಬಹುದು. ಹಳೆಯ ಗಾಜಿನ ಪರದೆಯ ಮಾನಿಟರಿನಲ್ಲಿ ಸಾವಿರಾರು ವೋಲ್ಟು. ಇವೆರಡನ್ನು ಬಿಚ್ಚುವ ಕೆಲಸ ತಿಳಿದವರದೇ. ಯಂತ್ರ ಹೋದರೆ ಇನ್ನೊಂದು ಸಿಕ್ಕೀತು.

ಎದ್ದ ಯಂತ್ರವನ್ನು ಕಾಪಾಡುವುದು ಹೇಗೆ? ಅಂಗಡಿಯಲ್ಲಿ ಮಾರುವ ಪೆಟ್ಟಿಗೆಗಳೆಲ್ಲ ಒಂದೇ ಕೆಲಸ ಮಾಡುವುದಿಲ್ಲ. ಸ್ಟೆಬಿಲೈಜರು ನಿಧಾನವಾದ ಏರಿಳಿತವನ್ನು ತಿದ್ದುತ್ತದೆ. ಸಿಡಿಲಿನ ವೇಗ ಅದಕ್ಕೆ ನಿಲುಕದು. ಸ್ಪೈಕ್ ಗಾರ್ಡು ಕ್ಷಣಿಕವಾದ ಹೊಡೆತವನ್ನು ತಾನೇ ನುಂಗುತ್ತದೆ. ಆದರೆ ಒಂದೊಂದು ಹೊಡೆತಕ್ಕೂ ಸವೆಯುತ್ತ ಹೋಗಿ, ಒಂದು ದಿನ ದೀಪ ಮಾತ್ರ ಉರಿಸುತ್ತ ಕಾವಲು ಬಿಟ್ಟಿರುತ್ತದೆ. ಕೆಲವು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸಬೇಕು. ‘ಲೈನ್ ಇಂಟರ್ಯಾಕ್ಟಿವ್’ ಬಗೆಯ ಯು.ಪಿ.ಎಸ್. ಒತ್ತಡವನ್ನು ತಿದ್ದುವುದರ ಜೊತೆಗೆ, ಕರೆಂಟು ಹೋದಾಗ ಬರೆದದ್ದನ್ನು ಉಳಿಸಿ ಯಂತ್ರವನ್ನು ಕ್ರಮವಾಗಿ ನಿಲ್ಲಿಸಲು ಬಿಡುವು ಕೊಡುತ್ತದೆ. ಅದರ ಬ್ಯಾಟರಿಗೆ ಎರಡು ಮೂರು ವರ್ಷದ ಆಯುಷ್ಯವೆಂಬುದನ್ನು ಮರೆಯಬಾರದು.

ಇವೆಲ್ಲಕ್ಕೂ ಬುನಾದಿ ಅರ್ತಿಂಗ್. ಗೋಡೆಯಲ್ಲಿ ಮೂರು ತೂತಿನ ಸಾಕೆಟ್ಟು ಇದ್ದರೂ ಮೂರನೆಯ ತೂತಿಗೆ ತಂತಿಯೇ ಇಲ್ಲದ ಮನೆಗಳು ಹಳ್ಳಿಯಲ್ಲಿ ಮಾತ್ರವಲ್ಲ, ನಗರದಲ್ಲಿಯೂ ಇವೆ. ಗಣಕಯಂತ್ರದ ತಗಡಿನ ಪೆಟ್ಟಿಗೆ ಮುಟ್ಟಿದಾಗ ಬೆರಳು ಚುರುಗುಟ್ಟಿದರೆ ಅದು ಅರ್ತಿಂಗ್ ಇಲ್ಲವೆಂಬುದರ ಗುರುತು. ಸ್ಪೈಕ್ ಗಾರ್ಡು ಕೂಡ ಅರ್ತಿಂಗ್ ಇಲ್ಲದೆ ಅರ್ಧ ಕೆಲಸವನ್ನೇ ಮಾಡುತ್ತದೆ. ಉಪ್ಪು, ಇದ್ದಿಲು ತುಂಬಿದ ಅರ್ತಿಂಗ್ ಗುಂಡಿಗೆ ಬೇಸಗೆಯಲ್ಲಿ ಆಗಾಗ ಒಂದು ಬಿಂದಿಗೆ ನೀರು ಹೊಯ್ಯುತ್ತಿದ್ದ ಹಿಂದಿನವರು ಸುಮ್ಮನೆ ಹಾಗೆ ಮಾಡುತ್ತಿರಲಿಲ್ಲ.

ಸಿಡಿಲಿಗೆ ಮಾತ್ರ ಪೆಟ್ಟಿಗೆಯ ಮದ್ದಿಲ್ಲ. ಗುಡುಗು ದೂರದಲ್ಲಿ ಕೇಳಿದಾಗಲೇ ಪ್ಲಗ್ಗನ್ನು ಕಿತ್ತು ಬದಿಗಿಡಬೇಕು; ಟೆಲಿಫೋನಿನ ಅಥವಾ ಇಂಟರ್‌ನೆಟ್ಟಿನ ತಂತಿಯನ್ನೂ ಬಿಡಿಸಬೇಕು. ಕರೆಂಟಿನ ಬಾಗಿಲು ಮುಚ್ಚಿ ಫೋನಿನ ಕಿಟಕಿ ತೆರೆದಿಟ್ಟವರ ಯಂತ್ರಗಳು ಸುಟ್ಟಿರುವುದುಂಟು. ಗುಡುಗಿಲ್ಲದ ದಿನವೂ ಕೆಲಸ ಮುಗಿದ ಮೇಲೆ ಗೋಡೆಯ ಸ್ವಿಚ್ಚನ್ನು ಆರಿಸತಕ್ಕದ್ದು. 1995ರಿಂದ ಈಚಿನ ಎ.ಟಿ.ಎಕ್ಸ್. ಮಾದರಿಯ ಯಂತ್ರಗಳು ಆರಿದಂತೆ ಕಂಡರೂ ಒಳಗಿನ ಒಂದು ಭಾಗ ಹಗಲಿರುಳೂ ಎಚ್ಚರವಾಗಿಯೇ ಇದ್ದು ಸವೆಯುತ್ತಿರುತ್ತದೆ. ಪೂರಾ ಮಲಗಿಸಿಬಿಡುವುದೂ ಒಳ್ಳೆಯದಲ್ಲ. ಎರಡು ಮೂರು ತಿಂಗಳಿಗೊಮ್ಮೆ, ಆಕಾಶ ತಿಳಿಯಾಗಿರುವ ಹಗಲಿನಲ್ಲಿ, ಒಂದೆರಡು ಗಂಟೆ ನಡೆಸಿದರೆ ಕೆಪಾಸಿಟರಿನ ಪೊರೆಯೂ ಉಳಿಯುತ್ತದೆ, ಡಿಸ್ಕಿನ ಕೀಲೂ ಹಿಡಿಯುವುದಿಲ್ಲ.

ಹೂಗ್ಯಂನ ಆ ಮನೆಯಲ್ಲಿ ಹಬ್ಬದ ಮಾರನೆಯ ಬೆಳಿಗ್ಗೆ ಮಗ ಪೆಟ್ಟಿಗೆ ಬಿಚ್ಚುತ್ತಾನೆ. ಮೊಮ್ಮಗಳು ಟಾರ್ಚು ಹಿಡಿಯುತ್ತಾಳೆ. ಮದರ್‌ಬೋರ್ಡಿನ ಮೇಲೆ ಮೂರು ಕೆಪಾಸಿಟರುಗಳ ತಲೆ ಉಬ್ಬಿವೆ. ಹಿಂದಿನ ಸಂಜೆ ಅವಳು ಪ್ಲಗ್ಗು ಚುಚ್ಚಿದ್ದರೆ ಏನಾಗುತ್ತಿತ್ತೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಡಿಸ್ಕು ಹೊರಬರುತ್ತದೆ, ಲ್ಯಾಪ್‌ಟಾಪಿಗೆ ಸೇರುತ್ತದೆ, ಒಮ್ಮೆ ಗೊರಗೊರ ಎಂದು ತಿರುಗಲು ತೊಡಗುತ್ತದೆ. ಪರದೆಯ ಮೇಲೆ ಕಡತಗಳ ಹೆಸರು ಒಂದೊಂದಾಗಿ ಮೂಡುತ್ತವೆ.

“ತಾತ, ಎಷ್ಟು ಹಾಡು ಇವೆ ಇದರಲ್ಲಿ?”

“ಆತ ಹಾಡಿದ್ದಷ್ಟೂ ಇದೆ ಕೂಸೆ. ಮೊದಲು ನಕಲು ಮಾಡಿಕೊ. ಓದೋದು ಆಮೇಲೆ.”

ಹಳೆಯ ಯಂತ್ರವನ್ನು ಊರಿಗೆ ಕಳಿಸಿದ ನಗರದ ಮಕ್ಕಳು ಮುಂದಿನ ಹಬ್ಬಕ್ಕೆ ಹೋಗುವಾಗ ಸಿಹಿತಿಂಡಿಯ ಜೊತೆಗೆ ಒಂದು ಅಡಾಪ್ಟರನ್ನೂ, ಒಳ್ಳೆಯ ಸ್ಪೈಕ್ ಗಾರ್ಡನ್ನೂ ಕೊಂಡೊಯ್ಯಲಿ. ಹೋದೊಡನೆ ಮನೆಯ ಅರ್ತಿಂಗನ್ನು ಒಮ್ಮೆ ನೋಡಿಸಲಿ.