ಹತ್ತು ಸಾಲಿನ ಕ್ರಮವಿಧಿ

ಗಣಕಯಂತ್ರವೆಂದೊಡನೆ ನಮ್ಮ ವಿದ್ಯಾಸಂಸ್ಥೆಗಳವರ ಕಣ್ಮುಂದೆ ನಿಲ್ಲುವುದು ಹೊಸ ಕೊಠಡಿ, ಸಾಲಾಗಿ ಇರಿಸಿದ ಯಂತ್ರಗಳು, ಬಾಗಿಲ ಬಳಿ ದಾನಿಗಳ ಹೆಸರು ಕೊರೆದ ಶಿಲಾಫಲಕ. ಇವು ಬೇಡವೆನ್ನುವ ಉದ್ಧಟತನ ನನಗಿಲ್ಲ. ದಾಸೋಹದ ನೆರಳಿನಲ್ಲಿ ಓದಿದ ಯಾರೂ ದಾನವನ್ನು ಹಗುರವಾಗಿ ಕಾಣಲಾರರು. ಆದರೆ ಆ ಕೊಠಡಿಯೊಳಗೆ ಮಕ್ಕಳು ಕಲಿಯುವುದೇನು? ಬಹುಮಟ್ಟಿಗೆ, ಪರರು ಸಿದ್ಧಪಡಿಸಿಕೊಟ್ಟ ತಂತ್ರಾಂಶದ ಗುಂಡಿಗಳನ್ನು ಒತ್ತುವುದನ್ನು ಮಾತ್ರ. ತಮ್ಮ ಚಿಕ್ಕ ಕೆಲಸಕ್ಕೆ ಬೇಕಾದ ಹತ್ತು ಸಾಲಿನ ಕ್ರಮವಿಧಿಯನ್ನು ತಾವೇ ಬರೆದುಕೊಳ್ಳುವುದನ್ನು ಅವರಿಗೆ ಕಲಿಸಬೇಕು. ಅದನ್ನೂ ಕನ್ನಡ ಬರಹದ ಮೇಲೆಯೇ ಕಲಿಸಬೇಕು ಎಂಬುದು ನನ್ನ ವಾದ.

ಸ್ಕ್ರಿಪ್ಟ್ ಎಂದು ಕರೆಯಲಾಗುವ ಈ ಕಿರು ಕ್ರಮವಿಧಿ ಮಾರಾಟದ ಸರಕಲ್ಲ. ವಾರ್ಷಿಕೋತ್ಸವದ ಮುನ್ನೂರು ಛಾಯಾಚಿತ್ರಗಳಿಗೆ ಇಸವಿಯೊಡನೆ ಕ್ರಮಸಂಖ್ಯೆ ಕೊಡುವುದು, ಎರಡು ವರ್ಷಗಳ ದಾನಿಗಳ ಪಟ್ಟಿಯನ್ನು ಹೋಲಿಸಿ ಬಿಟ್ಟುಹೋದ ಹೆಸರುಗಳನ್ನು ತೋರಿಸುವುದು, ಇಂತಹ ಕೆಲಸಗಳಿಗೆ ಅದು ಒದಗುತ್ತದೆ. ಗುಮಾಸ್ತರು ಎರಡು ದಿನ ಕುಳಿತು ಮಾಡುವುದನ್ನು ಕ್ಷಣಾರ್ಧದಲ್ಲಿ ಮುಗಿಸುತ್ತದೆ.

ಈ ಪದ್ಧತಿಗೆ ಗೌರವದ ಪರಂಪರೆಯೇ ಇದೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಆರಂಭವಾದ ಯುನಿಕ್ಸ್ ವ್ಯವಸ್ಥೆಗೆ, ಡಗ್ಲಸ್ ಮ್ಯಾಕಿಲ್ರಾಯ್ ಅವರ ಸಲಹೆಯಂತೆ, 1973ರಲ್ಲಿ ‘ಪೈಪ್’ ಎಂಬ ಏರ್ಪಾಡು ಸೇರಿತು. ಒಂದು ಸಣ್ಣ ಆದೇಶದ ಫಲವನ್ನು ಮತ್ತೊಂದಕ್ಕೆ ಕೊಳವೆಯಲ್ಲಿ ನೀರು ಹರಿಸಿದಂತೆ ಹರಿಸುವ ಉಪಾಯವದು. ಒಂದು ಬರಹದಲ್ಲಿ ಅತಿ ಹೆಚ್ಚು ಬಾರಿ ಬರುವ ಪದಗಳಾವುವು ಎಂಬ ಸಮಸ್ಯೆಗೆ 1986ರಲ್ಲಿ ಡೊನಾಲ್ಡ್ ಕ್ನೂತ್ ಎಂಬ ಮಹಾವಿದ್ವಾಂಸರು ಹಲವು ಪುಟಗಳ ಸುಂದರ ಕ್ರಮವಿಧಿಯನ್ನು ರಚಿಸಿದರು. ಅದನ್ನು ವಿಮರ್ಶಿಸಿದ ಮ್ಯಾಕಿಲ್ರಾಯ್ ಅವರು ಅದೇ ಕೆಲಸವನ್ನು ಆರು ಆದೇಶಗಳಲ್ಲಿ ಮಾಡಿ ತೋರಿಸಿದರು.

ಈ ಆರು ಆದೇಶಗಳ ಕಥೆಯನ್ನು ಉಪನ್ಯಾಸಗಳಲ್ಲಿ ಮೆಚ್ಚಿ ಹೇಳುವವರು ಅನೇಕರಿದ್ದಾರೆ. ಆದರೆ ಅದೇ ಕ್ರಮವಿಧಿಗೆ ಕನ್ನಡದ ಪುಟವೊಂದನ್ನು ಕೊಟ್ಟರೆ ಏನಾದೀತು? ಅದರ ಮೊದಲ ಆದೇಶವು ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳನ್ನು ಉಳಿಸಿಕೊಂಡು ಮಿಕ್ಕುದೆಲ್ಲವನ್ನೂ ಕಸವೆಂದು ತೆಗೆದುಹಾಕುತ್ತದೆ. ನಮ್ಮ ಪುಟದಲ್ಲಿ ಒಂದಕ್ಷರವೂ ಉಳಿಯದು! ಬರೆದವರ ತಪ್ಪು ಇದರಲ್ಲಿಲ್ಲ. ಅವರು ತಮ್ಮ ಭಾಷೆಗೆ ಬರೆದುಕೊಂಡರು. ಇಂದಿನ ಸ್ಥಿತಿಯೂ ಪೂರ್ತಿಯಾಗಿ ಬೇರೆಯಲ್ಲ. ಹೆಚ್ಚು ಬಳಕೆಯಲ್ಲಿರುವ ಪೈಥಾನ್ ಭಾಷೆಯೊಡನೆ ಬರುವ, ಪದಗಳನ್ನು ಆರಿಸುವ ಸಾಮಾನ್ಯ ಸೂತ್ರವು ನಮ್ಮ ಸ್ವರಚಿಹ್ನೆಗಳನ್ನೂ ವಿರಾಮಚಿಹ್ನೆಯಾದ ಹಲಂತವನ್ನೂ ಅಕ್ಷರಗಳೆಂದು ಎಣಿಸುವುದಿಲ್ಲ. ಹೀಗಾಗಿ ‘ಕನ್ನಡ’ ಎಂಬ ಪದವೇ ‘ಕನ’ ಮತ್ತು ‘ನಡ’ ಎಂದು ಎರಡಾಗಿ ಒಡೆಯುತ್ತದೆ. ಅಲ್ಲಲ್ಲಿ ದೊರೆಯುವ ಕ್ರಮವಿಧಿಗಳನ್ನು ನಕಲು ಮಾಡಿಕೊಂಡರೆ ಸಾಲದೆ ಎಂದು ಕೇಳುವವರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ. ಇಂದು ಯಂತ್ರವೇ ಬರೆದುಕೊಡುವ ಕ್ರಮವಿಧಿಗೂ ಈ ಮಾತು ಅನ್ವಯಿಸುತ್ತದೆ. ತಪ್ಪಿದೆಯೆಂದು ಗುರುತಿಸಲು ಓದಬಲ್ಲವನೊಬ್ಬ ಬೇಕು.

ಇನ್ನು ನಮ್ಮ ಮನೆಯ ವಿಷಯ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ನಾಡಿಗೆ ಮಾಡಿದ ಉಪಕಾರ ದೊಡ್ಡದು. ಆದರೆ ಅದರ ಹಳೆಯ ಅಕ್ಷರಮಾದರಿಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಮೊದಲಾದ ಅಕ್ಷರಗಳ ಸ್ಥಾನದಲ್ಲಿ ಕೂಡಿಸಲಾಗಿತ್ತು. ಆ ಅಕ್ಷರಮಾದರಿಯಿಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಹುಡುಕಿದರೆ ಹೆಸರು ಸಿಗುವುದಿಲ್ಲ. ಎಷ್ಟೋ ಮಠ, ಶಾಲೆ, ಸಂಘಗಳ ಪಟ್ಟಿಗಳೂ ಸ್ಮರಣ ಸಂಚಿಕೆಗಳೂ ಇಂತಹ ಕಡತಗಳಲ್ಲಿ ಮೂಕವಾಗಿ ಕುಳಿತಿವೆ. 1991ರಿಂದ ಕನ್ನಡಕ್ಕೂ ಸ್ಥಾನವಿತ್ತಿರುವ ಯುನಿಕೋಡ್ ಸಂಕೇತಕ್ಕೆ ಅವನ್ನು ತರಬೇಕಾದರೆ ಅಕ್ಷರಕ್ಕೆ ಅಕ್ಷರ ಬದಲಿಸಿದರೆ ಮುಗಿಯದು. ‘ಧರ್ಮ’ ಎಂಬಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವುದೂ ಹಳೆಯ ಕಡತದಲ್ಲಿ ಇರುವುದೂ ಮಕಾರದ ನಂತರ. ಯುನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಂತೆ ರಕಾರ ಮೊದಲು ಬರಬೇಕು. ಇದನ್ನು ಬರೆಯಹೊರಟ ಹುಡುಗನು ಸಂಯುಕ್ತಾಕ್ಷರದ ಪಾಠವನ್ನು ವ್ಯಾಕರಣದ ತರಗತಿಯಲ್ಲಿ ಕಲಿತುದಕ್ಕಿಂತ ಚೆನ್ನಾಗಿ ಕಲಿಯುತ್ತಾನೆ. ಕನ್ನಡ ಪಂಡಿತರೂ ಗಣಿತದ ಅಧ್ಯಾಪಕರೂ ಒಂದೇ ಮೇಜಿನ ಮುಂದೆ ಕುಳಿತುಕೊಳ್ಳಬೇಕಾದ ಪ್ರಸಂಗವಿದು. ಅಂತಹ ಪ್ರಸಂಗಗಳು ನಮ್ಮಲ್ಲಿ ಬಹಳ ವಿರಳ.

ಅಪಾಯವಿಲ್ಲವೆಂದಲ್ಲ. ಸಾವಿರ ಹೆಸರನ್ನು ಕ್ಷಣದಲ್ಲಿ ತಿದ್ದಬಲ್ಲುದು ಸಾವಿರ ಹೆಸರನ್ನು ಕ್ಷಣದಲ್ಲಿ ಕೆಡಿಸಲೂ ಬಲ್ಲುದು. ಆದ್ದರಿಂದ ಮೂಲ ಕಡತವನ್ನು ಮುಟ್ಟದೆ ಪ್ರತಿಯ ಮೇಲೆಯೇ ಪ್ರಯೋಗಿಸಬೇಕು. ಪ್ರತಿಯೊಂದು ಕ್ರಮವಿಧಿಯ ತಲೆಯಲ್ಲಿ ಅದು ಮಾಡುವುದೇನು, ಬರೆದವರು ಯಾರು, ಎಂದು ಬರೆದರು ಎಂಬುದನ್ನು ಕನ್ನಡದಲ್ಲಿ ನಮೂದಿಸಬೇಕು. ಒಬ್ಬ ಅಧ್ಯಾಪಕರ ವರ್ಗಾವಣೆಯೊಡನೆ ಕಚೇರಿಯ ಕೆಲಸವೇ ನಿಲ್ಲುವುದಾದರೆ ಆ ಜಾಣ್ಮೆಯಿಂದ ಸಂಸ್ಥೆಗೇನು ಫಲ?

ಇದಕ್ಕೆ ಹೊಸ ಯಂತ್ರಗಳು ಬೇಕಿಲ್ಲ. ಪೈಥಾನ್ ಉಚಿತವಾಗಿ ದೊರೆಯುತ್ತದೆ, ಹಳೆಯ ಯಂತ್ರದಲ್ಲಿಯೂ ನಡೆಯುತ್ತದೆ. ಬೇಕಾದುದು ವಾರಕ್ಕೆ ಎರಡು ಅವಧಿಗಳು, ಅಧ್ಯಾಪಕರಿಬ್ಬರಿಗೆ ಬೇಸಗೆ ರಜೆಯಲ್ಲಿ ತರಬೇತಿ. ಹಳೆಯ ವಿದ್ಯಾರ್ಥಿಗಳಲ್ಲಿ ತಂತ್ರಾಂಶದ ಕಾಯಕ ಮಾಡುತ್ತಿರುವವರು ವರ್ಷಕ್ಕೆ ಒಂದು ವಾರವನ್ನು ಇದಕ್ಕೆ ಕೊಡಬಲ್ಲರು. ತರಬೇತಿಯ ವೆಚ್ಚಕ್ಕೆ ಗೋಡೆಯ ಮೇಲೆ ಫಲಕ ಹಾಕಲಾಗದಿದ್ದರೂ ದಾನಿಗಳು ಒಪ್ಪಿಯಾರೆಂದು ನಂಬಿದ್ದೇನೆ. ಮೊದಲ ಕೆಲಸವಾಗಿ ಈ ಸ್ಮರಣ ಸಂಪುಟದ ಹಿಂದಿನ ಸಂಚಿಕೆಗಳ ಲೇಖಕರ ಅಕಾರಾದಿ ಸೂಚಿಯನ್ನು ಹತ್ತನೆಯ ತರಗತಿಯ ಮಕ್ಕಳಿಗೇ ವಹಿಸಬಹುದು.