ಸಹಿ ಹಾಕುವ ಪಾಲಕರು

ಮಸೀದಿಯ ಮಿನಾರಕ್ಕೆ ಚಂದಾ ಎತ್ತಿದಾಗ ನಮ್ಮ ಮೊಹಲ್ಲಾದಲ್ಲಿ ಲೆಕ್ಕ ಕೇಳದವರಿಲ್ಲ. ಅದೇ ಗಲ್ಲಿಯ ಸರಕಾರಿ ಉರ್ದು ಶಾಲೆಗೆ ಬಂದ ಅನುದಾನವೆಷ್ಟು, ಹೋದದ್ದೆಲ್ಲಿಗೆ ಎಂದು ಕೇಳಿದವರನ್ನು ನಾವು ಕಂಡಿಲ್ಲ.

ಕರ್ನಾಟಕಕ್ಕೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು 2001ರಲ್ಲೇ ಬಂದವು. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ಪ್ರಕಾರ ಸರಕಾರಿ ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಶಾಲೆಯ ಅಭಿವೃದ್ಧಿ ಯೋಜನೆ ತಯಾರಿಸುವುದು, ಅನುದಾನದ ಬಳಕೆಯ ಮೇಲೆ ಕಣ್ಣಿಡುವುದು ಅದರ ಕೆಲಸ.

ನಾವೇನು ಮಾಡಿದೆವು? ರಿಜಿಸ್ಟರನ್ನು ಮನೆಗೇ ತರಿಸಿಕೊಂಡು ಸಹಿ ಹಾಕಿದೆವು. ಸದಸ್ಯೆಯಾದ ಹೆಂಡತಿಯ ಬದಲು ನಾವೇ ಸಭೆಯಲ್ಲಿ ಕುಳಿತೆವು. ಶಾಲೆಯ ಶೌಚಾಲಯಕ್ಕೆ ಬಾಗಿಲಿಲ್ಲವೆಂದು ಮಗಳು ಹೇಳುವುದು ಅಮ್ಮಿಯ ಕಿವಿಯಲ್ಲಿ. ಸಭೆಯಲ್ಲಿ ಕೂತವನು ಅಬ್ಬಾ!

"ಓದು ಬಾರದ ನಾವೇನು ಕೇಳುವುದು?" ಎನ್ನುತ್ತಾರೆ ಬೀಡಿ ಕಟ್ಟುವ ತಾಯಂದಿರು. ಗುತ್ತಿಗೆದಾರನಿಗೆ ಒಂದು ಬೀಡಿಯ ಲೆಕ್ಕವನ್ನೂ ಬಿಟ್ಟುಕೊಡದವರಿಗೆ ಶಾಲೆಯ ಲೆಕ್ಕ ಯಾವ ದೊಡ್ಡದು?

ಸರಕಾರ ನಮ್ಮನ್ನು ಕಡೆಗಣಿಸಿದೆ ಎಂದು ಬರೆದಿದ್ದೇವೆ, ಭಾಷಣ ಮಾಡಿದ್ದೇವೆ. ಅದು ಸುಳ್ಳಲ್ಲ. ಆದರೆ ಕಾಯ್ದೆ ಕೊಟ್ಟ ಕುರ್ಚಿಯನ್ನು ಖಾಲಿ ಬಿಟ್ಟವರು ನಾವೇ. ಮುಂದಿನ ಸಭೆಗೆ ತಾಯಂದಿರು ಹೋಗಲಿ. ಅಷ್ಟು ಹೊತ್ತು ತೊಟ್ಟಿಲು ತೂಗಿದರೆ ನಮ್ಮ ಗಂಡಸುತನಕ್ಕೇನೂ ಕುಂದಾಗದು.