ಕೃತಕ ಬುದ್ಧಿಮತ್ತೆ ಮತ್ತು ಸೈಬರ್ ಸುರಕ್ಷತೆ: ಎರಡೂ ಒಂದೇ ತರಗತಿಯಲ್ಲಿರಲಿ

2026-27ರ ಶೈಕ್ಷಣಿಕ ವರ್ಷದಿಂದ ಮೂರನೇ ತರಗತಿಯಲ್ಲೇ ಕೃತಕ ಬುದ್ಧಿಮತ್ತೆಯ ಪಾಠ ಆರಂಭಿಸುವ ಯೋಜನೆಯನ್ನು ಕೇಂದ್ರ ಶಿಕ್ಷಣ ಸಚಿವಾಲಯವು 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಮಕ್ಕಳು ಹೊಸ ವಿದ್ಯೆ ಕಲಿಯಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ಯಾವ ಪಾಠದ ಜೊತೆಗೆ ಕಲಿಸಬೇಕು ಎಂಬ ಪ್ರಶ್ನೆಯನ್ನು ನಾವು ಕೇಳಲೇಬೇಕಾಗಿದೆ.

ಸಿಬಿಎಸ್‌ಇ ಪಠ್ಯಕ್ರಮದಲ್ಲಿ ಕೃತಕ ಬುದ್ಧಿಮತ್ತೆ 2019-20ರಲ್ಲಿ ಒಂಬತ್ತನೇ ತರಗತಿಗೆ ಐಚ್ಛಿಕ ವಿಷಯವಾಗಿ ಬಂತು. ಸೈಬರ್ ಸುರಕ್ಷತೆಯ ಅಧ್ಯಾಯವಿರುವುದು ಕಂಪ್ಯೂಟರ್ ಅಪ್ಲಿಕೇಶನ್ಸ್ ಎಂಬ ಇನ್ನೊಂದು ವಿಷಯದಲ್ಲಿ. ಒಂದರಲ್ಲಿ ಯಂತ್ರದ ಸಾಮರ್ಥ್ಯ, ಇನ್ನೊಂದರಲ್ಲಿ ಎಚ್ಚರಿಕೆ. ಹೊರಗಿನ ಲೋಕದಲ್ಲಿ ಇವೆರಡೂ ಬೇರೆ ಬೇರೆಯಾಗಿ ಉಳಿದಿಲ್ಲ.

ಸೈಬರ್ ವಂಚನೆಯಿಂದ ದೇಶದ ಜನರು 2023ರಲ್ಲಿ ಸುಮಾರು 7,465 ಕೋಟಿ ರೂಪಾಯಿ ಕಳೆದುಕೊಂಡರು. 2024ರಲ್ಲಿ ಈ ಮೊತ್ತ 22,845 ಕೋಟಿಗೆ ಏರಿತು ಎಂದು ಕೇಂದ್ರ ಗೃಹ ಸಚಿವಾಲಯ ಲೋಕಸಭೆಗೆ ತಿಳಿಸಿದೆ. ಇದೆಲ್ಲವೂ ಕೃತಕ ಬುದ್ಧಿಮತ್ತೆಯ ಕೆಲಸವಲ್ಲ. ಆದರೆ ವಂಚಕರ ಕೈಗೆ ಅದು ಹೊಸ ಬಲ ಕೊಟ್ಟಿದೆ. ತಪ್ಪು ಕಾಗುಣಿತವಿರುವ ಸಂದೇಶವನ್ನು ನಂಬಬೇಡಿ ಎಂದು ಇದುವರೆಗೆ ಕಲಿಸುತ್ತಿದ್ದೆವು. ಈಗ ಮೋಸದ ಸಂದೇಶವೂ ಶುದ್ಧ ಭಾಷೆಯಲ್ಲೇ ಬರಬಹುದು. ಕೇವಲ ಮೂರು ಸೆಕೆಂಡಿನ ಧ್ವನಿಮುದ್ರಣದಿಂದ ಒಬ್ಬರ ಸ್ವರವನ್ನು ಅನುಕರಿಸಬಹುದೆಂದು ಮೈಕ್ರೋಸಾಫ್ಟ್ ಸಂಶೋಧಕರು 2023ರಲ್ಲೇ ತೋರಿಸಿದ್ದಾರೆ. ಮಕ್ಕಳು ಗಲ್ಫ್ ದೇಶಗಳಲ್ಲಿದ್ದು ಹಿರಿಯರು ಮಾತ್ರ ಮನೆಯಲ್ಲಿರುವ ನಮ್ಮ ಕರಾವಳಿಯ ಕುಟುಂಬಗಳಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಕ್ಕಳು ಮೋಸ ಹೋಗುವವರು ಮಾತ್ರವಲ್ಲ, ಕೆಲವೊಮ್ಮೆ ತಪ್ಪು ಮಾಡುವವರೂ ಆಗುತ್ತಾರೆ. 2023ರಲ್ಲಿ ಸ್ಪೇನ್‌ನ ಅಲ್ಮೆಂದ್ರಲೇಹೊ ಪಟ್ಟಣದಲ್ಲಿ ಹುಡುಗರು ಸಹಪಾಠಿ ಹುಡುಗಿಯರ ಸಾಮಾನ್ಯ ಫೋಟೋಗಳಿಂದ ಇಂತಹ ಆ್ಯಪ್ ಬಳಸಿ ನಗ್ನ ಚಿತ್ರಗಳನ್ನು ತಯಾರಿಸಿ ವಾಟ್ಸ್‌ಆ್ಯಪ್‌ನಲ್ಲಿ ಹಂಚಿದರು. 2024ರಲ್ಲಿ ಬಾಲ ನ್ಯಾಯಾಲಯ 15 ಮಂದಿ ಅಪ್ರಾಪ್ತರಿಗೆ ಒಂದು ವರ್ಷದ ನಿಗಾವಣೆಯ ಶಿಕ್ಷೆ ವಿಧಿಸಿತು. ನಮ್ಮ ದೇಶದಲ್ಲೂ ಮಕ್ಕಳನ್ನು ಅಶ್ಲೀಲವಾಗಿ ಬಿಂಬಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ವಿಧಿಯಡಿ ಅಪರಾಧ. ತಮಾಷೆಗೆ ಮಾಡಿದೆ ಎನ್ನುವ ಹುಡುಗನಿಗೆ ಇದನ್ನು ಯಾರು ತಿಳಿಸಿದ್ದಾರೆ?

ಹಾಗಾದರೆ ಏನನ್ನು ಕಲಿಸಬೇಕು? ಮೊದಲನೆಯದಾಗಿ, ಯಂತ್ರ ಹೇಗೆ ಕಲಿಯುತ್ತದೆ ಎಂಬುದು. ನೂರು ಸಂದೇಶಗಳಲ್ಲಿ ಒಳ್ಳೆಯದು, ಮೋಸದ್ದು ಯಾವುದೆಂದು ವಿದ್ಯಾರ್ಥಿಗಳೇ ವಿಂಗಡಿಸಲಿ. ಅದೇ ಕೆಲಸವನ್ನು ಕಂಪ್ಯೂಟರಿಗೂ ಕೊಟ್ಟು ಅದು ಎಲ್ಲಿ ತಪ್ಪಿತೆಂದು ನೋಡಲಿ. ಈ ವಿದ್ಯೆ ನಮ್ಮ ಇ-ಮೇಲ್, ಬ್ಯಾಂಕ್ ಖಾತೆಗಳನ್ನು ಕಾಯಲೂ ಬಳಕೆಯಾಗುತ್ತದೆ, ಆದರೆ ಅದು ಎಡವುವುದೂ ಉಂಟು ಎಂದು ಆಗ ಅವರಿಗೆ ಮನದಟ್ಟಾಗುತ್ತದೆ. ಎರಡನೆಯದಾಗಿ, ಕಣ್ಣು ಕಿವಿಗಳನ್ನಷ್ಟೇ ನಂಬದೆ ವಿಚಾರಿಸಿ ನೋಡುವ ಅಭ್ಯಾಸ. ಹಣ ಕೇಳುವ ಕರೆ ಬಂದರೆ ಅದನ್ನು ಕಡಿದು, ನಮ್ಮಲ್ಲಿ ಮೊದಲೇ ಇರುವ ನಂಬರಿಗೆ ತಿರುಗಿ ಕರೆ ಮಾಡಬೇಕು. ಮೂರನೆಯದಾಗಿ, ಪಾಸ್‌ವರ್ಡ್, ಆಧಾರ್ ವಿವರ, ಇತರರ ಫೋಟೋಗಳನ್ನು ಚಾಟ್‌ಬಾಟ್‌ಗೆ ಒಪ್ಪಿಸಬಾರದೆಂಬ ಶಿಸ್ತು.

ಕೃತಕ ಬುದ್ಧಿಮತ್ತೆಯಿಂದ ತಯಾರಾದುದನ್ನು ಹಂಚುವವರು ಅದರ ಸತ್ಯಾಸತ್ಯತೆಯನ್ನು ಪರಿಶೀಲಿಸಬೇಕೆಂದು ವ್ಯಾಟಿಕನ್ 2025ರ ಜನವರಿಯಲ್ಲಿ ಪ್ರಕಟಿಸಿದ 'ಆಂತಿಕ್ವಾ ಎತ್ ನೋವಾ' ದಾಖಲೆಯೂ ಹೇಳುತ್ತದೆ.

ರಾಜ್ಯ ಪಠ್ಯಕ್ರಮದ ನಮ್ಮ ಕನ್ನಡ ಮಾಧ್ಯಮ ಪ್ರೌಢಶಾಲೆಗಳು ದೆಹಲಿಯ ಪಠ್ಯಪುಸ್ತಕಕ್ಕಾಗಿ ಕಾಯಬೇಕಾಗಿಲ್ಲ. ಮೇಲೆ ಹೇಳಿದ ಅಭ್ಯಾಸಗಳಲ್ಲಿ ಹೆಚ್ಚಿನವಕ್ಕೆ ಕಂಪ್ಯೂಟರ್ ಲ್ಯಾಬ್ ಕೂಡ ಬೇಡ. ವಾರಕ್ಕೊಂದು ಪೀರಿಯಡ್ ಮತ್ತು ತರಬೇತಿ ಪಡೆದ ಒಬ್ಬ ಶಿಕ್ಷಕರು ಸಾಕು. ಶಾಲಾ ಸಂಚಾಲಕರು ಈ ಬಗ್ಗೆ ಗಮನ ಹರಿಸಲಿ. ಕಲಿತ ಮಕ್ಕಳು ವಾಳೆಯ ಸಭೆಗಳಲ್ಲಿ ಹಿರಿಯರಿಗೂ ತಿಳಿಸಲಿ. ಹಣ ಹೋದ ಕೂಡಲೇ 1930ಕ್ಕೆ ಕರೆ ಮಾಡಬೇಕೆಂಬುದು ಪ್ರತಿ ಮನೆಗೂ ತಿಳಿದಿರಲಿ. ಉಪಕರಣವನ್ನು ಮಕ್ಕಳ ಕೈಗೆ ಕೊಡುವ ದಿನವೇ ಅದರ ಅಪಾಯವನ್ನೂ ತಿಳಿಸುವುದು ನಮ್ಮ ಹೊಣೆ.